ಉತ್ತರ ಸರಿ ಇದ್ದರೂ ಕೆಂಪು ಗುರುತಾ? ಆನ್‌ಲೈನ್ ಗಣಿತದ ಜೊತೆ ಏಗೋದು ಹೇಗೆ

ರಾತ್ರಿ ಹನ್ನೊಂದೂವರೆ. ಹನ್ನೆರಡಕ್ಕೆ ಅಸೈನ್‌ಮೆಂಟ್ ಕ್ಲೋಸ್. ಬಾಗಲಕೋಟೆ ನವನಗರದ ರೂಮಿನಲ್ಲಿ ನಾವು ನಾಲ್ಕು ಜನ, ಒಂದು ಲ್ಯಾಪ್‌ಟಾಪ್, ತಣ್ಣಗಾದ ಮಿರ್ಚಿ ಭಜಿ, ಎದುರಿಗೆ ಒಂದು ಇಂಟಿಗ್ರೇಷನ್ ಲೆಕ್ಕ. ಹಾಳೆ ಮೇಲೆ ಉತ್ತರ ಬಂದಿದೆ, ಮೂವರು ಬೇರೆ ಬೇರೆ ಕೂತು ಮಾಡಿದರೂ ಅದೇ ಬಂದಿದೆ. ಟೈಪ್ ಮಾಡಿ ಸಬ್‌ಮಿಟ್ ಒತ್ತಿದರೆ ಮಾತ್ರ ಕೆಂಪು. ಮತ್ತೆ ಒತ್ತಿದೆವು, ಮತ್ತೆ ಕೆಂಪು. ಇದ್ದ ಐದು ಅವಕಾಶ ಹೀಗೇ ಹೋದವು. ಒಬ್ಬ ಸಿಟ್ಟಿಗೆದ್ದು ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ 'ಈ ಸಾಫ್ಟ್‌ವೇರ್ ಮಾಡಿದವನಿಗೆ ಗಣಿತವೇ ಬರೋದಿಲ್ಲ' ಅಂತ ಹಾಕಿಯೂ ಬಿಟ್ಟ. ಆ ಗ್ರೂಪಿನಲ್ಲಿ ಸರ್ ಕೂಡ ಇದ್ದಾರೆ ಅನ್ನೋದು ಅವನಿಗೆ ಬೆಳಿಗ್ಗೆ ನೆನಪಾಯಿತು.

ಬೆಳಿಗ್ಗೆ ಹೋಗಿ ನಿಂತೆವು. "ಸರ, ಉತ್ತರ ಬರೋಬರಿ ಐತ್ರಿ, ಆದ್ರೂ ಕೆಂಪು ತೋರ್ಸಾಕತ್ತೈತಿ." ಸರ್ ಸ್ಕ್ರೀನ್ ಕಡೆ ಹತ್ತು ಸೆಕೆಂಡ್ ನೋಡಿದರು. "ತಮ್ಮಾ, ಬ್ರಾಕೆಟ್ ಎಲ್ಲೈತಿ?" ಅಂದರು. ಅಷ್ಟೇ.

ಅದಾದ ಮೇಲೆ ಜೂನಿಯರ್‌ಗಳು ಇದೇ ಗೋಳು ಹಿಡಿದುಕೊಂಡು ಬಂದಾಗಲೆಲ್ಲ ನಾನು ಹೇಳುತ್ತಾ ಬಂದಿದ್ದನ್ನು ಇಲ್ಲಿ ಬರೆದಿದ್ದೇನೆ. ಮೊದಲ ಮಾತು ಇದು: ನೀವು ಮಾಡಿದ ಲೆಕ್ಕ ಆ ಯಂತ್ರಕ್ಕೆ ಕಾಣುವುದಿಲ್ಲ, ನೀವು ಟೈಪ್ ಮಾಡಿದ ಒಂದು ಸಾಲು ಮಾತ್ರ ಕಾಣುತ್ತದೆ. ಕೆಂಪು ಬಂದ ತಕ್ಷಣ ಲೆಕ್ಕವನ್ನು ಮೊದಲಿಂದ ಮಾಡಲು ಕೂರಬೇಡಿ. ಅದು ನಿಮ್ಮ ಸಾಲನ್ನು ಹೇಗೆ ಓದಿತು ಅಂತ ಮೊದಲು ನೋಡಿ. (ಎಕ್ಸ್, ಇ, ಸೈನ್ ಅಂತ ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಹಾಕಿ ಮತ್ತೆ.)

ಅದು ಹೇಗೆ ತಪ್ಪು-ಸರಿ ಹೇಳುತ್ತದೆ

ಇದು ಗೊತ್ತಾದರೆ ಅರ್ಧ ಸಿಟ್ಟು ಇಳಿಯುತ್ತದೆ. ವೆಬ್‌ವರ್ಕ್ ಅಂತ ಆನ್‌ಲೈನ್ ಗಣಿತದ ಒಂದು ಸಾಫ್ಟ್‌ವೇರ್ ಇದೆ. 1990ರ ದಶಕದಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಗೇಜ್, ಅರ್ನಾಲ್ಡ್ ಪೈಜರ್ ಎಂಬ ಇಬ್ಬರು ಗಣಿತದ ಪ್ರೊಫೆಸರ್‌ಗಳು ಶುರು ಮಾಡಿದ್ದು, ಪುಕ್ಕಟೆ ಸಿಗುತ್ತದೆ. ಅದು ನಿಮ್ಮ ಉತ್ತರದಲ್ಲಿ ಎಕ್ಸ್ ಇರುವ ಕಡೆ ಒಂದಿಷ್ಟು ಸಂಖ್ಯೆಗಳನ್ನು ಹಾಕಿ ನೋಡುತ್ತದೆ, ಮೇಷ್ಟ್ರು ಕೊಟ್ಟ ಉತ್ತರದಲ್ಲೂ ಅವೇ ಸಂಖ್ಯೆ ಹಾಕುತ್ತದೆ, ಎರಡೂ ತಾಳೆಯಾದರೆ ಹಸಿರು. ಮೂಡಲ್ (ಕಾಲೇಜುಗಳು ಆನ್‌ಲೈನ್ ಕ್ವಿಜ್, ಅಸೈನ್‌ಮೆಂಟ್ ನಡೆಸುವ ಸಾಫ್ಟ್‌ವೇರ್) ಜೊತೆ ಬಳಸುವ ಸ್ಟ್ಯಾಕ್‌ನ ದಾರಿ ಬೇರೆ. ಅದರ ಹೊಟ್ಟೆಯೊಳಗೆ ಮ್ಯಾಕ್ಸಿಮಾ ಅನ್ನುವ ಬೀಜಗಣಿತದ ಪ್ರೋಗ್ರಾಂ ಇದೆ. ನಿಮ್ಮ ಉತ್ತರದಿಂದ ಮೇಷ್ಟ್ರ ಉತ್ತರ ಕಳೆದರೆ ಸೊನ್ನೆ ಉಳಿಯುತ್ತದಾ ಅಂತ ಅದು ನೋಡುತ್ತದೆ. ಹಾಗಾಗಿ ಉತ್ತರವನ್ನು ಬಿಡಿಸಿ ಬರೆದರೂ, ಗುಂಪು ಮಾಡಿ ಬರೆದರೂ ಇವು ಸಾಮಾನ್ಯವಾಗಿ ಒಪ್ಪುತ್ತವೆ. ಪ್ರಶ್ನೆಯಲ್ಲೇ ಫ್ಯಾಕ್ಟರ್ ಮಾಡಿ ಅಂತ ಕೇಳಿದ್ದರೆ ಆ ಮಾತು ಬೇರೆ, ಆಗ ರೂಪವನ್ನೂ ನೋಡುತ್ತವೆ.

ಇನ್ನೊಂದು ಜಾತಿ ಇದೆ, ತಲೆನೋವು ಅದರದ್ದೇ ಜಾಸ್ತಿ. ಮೂಡಲ್‌ನ 'ಶಾರ್ಟ್ ಆನ್ಸರ್' ಮಾದರಿಯ ಪ್ರಶ್ನೆ ಗಣಿತವನ್ನು ನೋಡುವುದೇ ಇಲ್ಲ, ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಮೇಷ್ಟ್ರು 1/2 ಅಂತ ಮಾತ್ರ ಕೊಟ್ಟಿದ್ದರೆ ನಿಮ್ಮ 0.5 ಕೆಂಪು. ಇಲ್ಲಿ ನಿಮ್ಮ ಜಾಣತನ ನಡೆಯಲ್ಲ, ಪ್ರಶ್ನೆಯಲ್ಲಿ ಹೇಗೆ ಬರೆಯಬೇಕು ಅಂತ ಹೇಳಿದ್ದಾರೋ ಹಾಗೇ ಬರೆಯಬೇಕು. ಹೇಳಿಲ್ಲ ಅಂದರೆ ಸಬ್‌ಮಿಟ್ ಮಾಡುವ ಮೊದಲೇ ಕೇಳಿ.

ಟೈಪ್ ಮಾಡುವ ವಿಷಯ

ಹಾಳೆ ಮೇಲೆ ನಾವು ಗಣಿತವನ್ನು ಮೇಲೆ ಕೆಳಗೆ ಬರೆಯುತ್ತೇವೆ. ಗೆರೆಯ ಮೇಲಿದ್ದರೆ ನ್ಯೂಮರೇಟರ್, ಕೆಳಗಿದ್ದರೆ ಡಿನಾಮಿನೇಟರ್, ಸಣ್ಣದಾಗಿ ಮೇಲೆ ಕೂತರೆ ಪವರ್. ಟೈಪ್ ಮಾಡುವಾಗ ಮೇಲೆ ಕೆಳಗೆ ಅನ್ನೋದೇ ಇಲ್ಲ, ಎಲ್ಲ ಒಂದೇ ಸಾಲು. ಕಳೆದುಹೋದ ಆ ಮೇಲೆ-ಕೆಳಗನ್ನು ಬ್ರಾಕೆಟ್ ಮಾತ್ರ ವಾಪಸ್ ತರಬಲ್ಲದು. 1/2*3 ಅಂತ ಬರೆದರೆ ಅದು ಎಡದಿಂದ ಓದಿ 1.5 ಅನ್ನುತ್ತದೆ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಆರರಲ್ಲಿ ಒಂದು ಭಾಗ ಆಗಿದ್ದರೆ 1/(2*3) ಅಂತ ಬರೆಯಬೇಕಿತ್ತು. ಬ್ರಾಕೆಟ್‌ಗೇನು ದುಡ್ಡು ಕೊಡಬೇಕಾ? ಅನುಮಾನ ಬಂದ ಕಡೆಯೆಲ್ಲ ಹಾಕಿ. ತೆರೆದಷ್ಟನ್ನೇ ಮುಚ್ಚಿದ್ದೀರಾ ಅಂತ ಎಣಿಸಿ.

ಪವರ್‌ಗೆ ಟೋಪಿ ಚಿಹ್ನೆ, ಅಂದರೆ ^ ಇದು. ಟೋಪಿ ತನ್ನ ಪಕ್ಕದಲ್ಲಿರುವ ಒಂದನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಇ^2ಎಕ್ಸ್ ಅಂತ ಬರೆದರೆ ಹಲವು ಕಡೆ 2 ಮಾತ್ರ ಮೇಲೆ ಹೋಗಿ ಎಕ್ಸ್ ಕೆಳಗೆ ಉಳಿಯುತ್ತದೆ. ನವನಗರದ ಆ ರಾತ್ರಿ ನಾವು ಮಾಡಿದ್ದು ಇದನ್ನೇ. ಇ^(2*ಎಕ್ಸ್) ಅಂತಿರಬೇಕಿತ್ತು.

ಮೈನಸ್ ಮತ್ತು ಟೋಪಿ ಒಟ್ಟಿಗೆ ಬಂದರೆ ಇನ್ನೂ ಮಜಾ. -3^2 ಅಂದರೆ ಗಣಿತದ ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ -9, ಎಕ್ಸೆಲ್‌ನಲ್ಲಿ ಹಾಕಿ ನೋಡಿ, 9 ಬರುತ್ತದೆ. ನಿಮಗೆ ಬೇಕಾದ್ದು (-3)^2 ಆದರೆ ಹಾಗೇ ಬರೆಯಿರಿ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಂತೂ ಟೋಪಿ ಅಂದರೆ ಪವರ್ ಅಲ್ಲವೇ ಅಲ್ಲ. ಅಲ್ಲಿ 2^3 ಒತ್ತಿದರೆ 1 ಬರುತ್ತದೆ, ಯಾಕಂದರೆ ಅದು ಸಂಖ್ಯೆಗಳ ಬಿಟ್‌ಗಳನ್ನು ಹೋಲಿಸುವ ಬೇರೆಯದೇ ಕೆಲಸ. ಪೈಥಾನ್‌ನಲ್ಲಿ ಪವರ್‌ಗೆ ಎರಡು ನಕ್ಷತ್ರ, 2**3. ವಿಟಿಯು (ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ 2022ರ ಸ್ಕೀಮ್‌ನಲ್ಲಿ ಮೊದಲ ವರ್ಷದ ಗಣಿತಕ್ಕೆ ಪೈಥಾನ್ ಲ್ಯಾಬ್ ಬಂತಲ್ಲ, ಬೆಳಿಗ್ಗೆ ಲ್ಯಾಬಿನಲ್ಲಿ ಎರಡು ನಕ್ಷತ್ರ ಹಾಕಿ ಸಂಜೆ ಆನ್‌ಲೈನ್ ಕ್ವಿಜ್‌ನಲ್ಲಿ ಟೋಪಿ ಹಾಕುವ ಹುಡುಗ ಹುಡುಗಿಯರಿಗೆ ಗೊಂದಲ ಆಗದೇ ಇರುತ್ತದಾ?

ಗುಣಾಕಾರಕ್ಕೆ ನಕ್ಷತ್ರ ಹಾಕಲೇಬೇಕು ಅಂತ ಇಟ್ಟುಕೊಳ್ಳಿ, ಹಾಕದೆ ನಡೆಯುವ ಕಡೆಯಲ್ಲೂ. ಎಕ್ಸ್ ಪಕ್ಕದಲ್ಲೇ ಬ್ರಾಕೆಟ್ ತೆರೆದರೆ ಕೆಲವು ಸಾಫ್ಟ್‌ವೇರ್ ಅದನ್ನು ಗುಣಾಕಾರ ಅಂದುಕೊಳ್ಳದೆ ಎಕ್ಸ್ ಎಂಬ ಹೆಸರಿನ ಫಂಕ್ಷನ್ ಅಂದುಕೊಳ್ಳುತ್ತದೆ. ಸೈನ್ ಸ್ಕ್ವೇರ್ ಎಕ್ಸ್ ಬೇಕಾದರೆ (ಸೈನ್(ಎಕ್ಸ್))^2. ಪುಸ್ತಕದಲ್ಲಿ ಇದ್ದಂತೆ ಸೈನ್ ಆದ ಕೂಡಲೇ ಟೋಪಿ ಹಾಕಬೇಡಿ.

ಇಷ್ಟೆಲ್ಲ ನೆನಪಿಡೋಕೆ ಆಗಲ್ಲ ಅನ್ನುವವರು ಒಂದೇ ಒಂದು ಅಭ್ಯಾಸ ಮಾಡಿಕೊಳ್ಳಿ. ವೆಬ್‌ವರ್ಕ್‌ನಲ್ಲಿ ಪ್ರಿವ್ಯೂ ಬಟನ್ ಇದೆ. ಸ್ಟ್ಯಾಕ್ ತಾನೇ ಕೆಳಗೆ 'ನಿನ್ನ ಉತ್ತರ ನನಗೆ ಹೀಗೆ ಅರ್ಥವಾಯಿತು' ಅಂತ ಪುಸ್ತಕದ ರೂಪದಲ್ಲಿ ತೋರಿಸುತ್ತದೆ. ಲೆಕ್ಕ ಮಾಡಿಕೊಡುವ ವೆಬ್‌ಸೈಟ್ ವುಲ್ಫ್ರಾಮ್ ಆಲ್ಫಾ ಕೂಡ ಮೊದಲು ತಾನು ಏನು ಓದಿದೆ ಅಂತ ಹೇಳಿಯೇ ಉತ್ತರ ಕೊಡೋದು. ಆ ಚಿತ್ರ ಮತ್ತು ನಿಮ್ಮ ಹಾಳೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಸಬ್‌ಮಿಟ್. ನಾವು ಐದು ಸಲ ಒತ್ತಿದೆವು, ಒಂದು ಸಲವೂ ಆ ಚಿತ್ರ ನೋಡಿರಲಿಲ್ಲ.

ಮೊಬೈಲಿನಲ್ಲಿ ಮಾಡುವವರಿಗೆ

ಲ್ಯಾಪ್‌ಟಾಪ್ ಎಲ್ಲರ ಹತ್ತಿರ ಇರೋದಿಲ್ಲ, ಬೈಲಹೊಂಗಲದಿಂದಲೋ ಜಮಖಂಡಿಯಿಂದಲೋ ಬಸ್ಸಿನಲ್ಲಿ ಓಡಾಡುವವರು ಸೀಟು ಸಿಕ್ಕರೆ ಅಲ್ಲೇ ಕೂತು ಮಾಡುತ್ತಾರೆ. ಆದರೆ ಮೊಬೈಲ್ ಕೀಬೋರ್ಡ್ ನಿಮಗೆ ಗೊತ್ತಿಲ್ಲದೆ ನಾಲ್ಕು ಕಿತಾಪತಿ ಮಾಡುತ್ತದೆ. ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುತ್ತದೆ, ಸಾಫ್ಟ್‌ವೇರ್‌ಗೆ ದೊಡ್ಡ ಎಕ್ಸ್ ಬೇರೆ, ಸಣ್ಣ ಎಕ್ಸ್ ಬೇರೆ. ಕನ್ನಡ ಕೀಬೋರ್ಡ್ ಹಾಗೇ ಉಳಿದಿದ್ದರೆ 5ರ ಬದಲು ೫ ಬೀಳಬಹುದು, ನಮ್ಮ ಕಣ್ಣಿಗೆ ಐದೇ, ಅದಕ್ಕೆ ಏನೂ ಅಲ್ಲ. ಪಿಡಿಎಫ್‌ನಿಂದಲೋ ವಾಟ್ಸಾಪ್‌ನಿಂದಲೋ ಕಾಪಿ ಮಾಡಿದರೆ ಮೈನಸ್ ಬದಲು ಉದ್ದನೆಯ ಗೆರೆ ಬಂದಿರುತ್ತದೆ, ನೋಡೋಕೆ ಒಂದೇ ತರಹ, ಯಂತ್ರಕ್ಕೆ ಬೇರೆ ಚಿಹ್ನೆ. ಅದನ್ನು ಅಳಿಸಿ ಕೀಬೋರ್ಡಿನಿಂದ ಮತ್ತೆ ಒತ್ತಿ. ಇನ್ನು ಐದು ಸಾವಿರವನ್ನು 5,000 ಅಂತ ಬರೆಯಬೇಡಿ. ಕಾಮಾ ಕಂಡರೆ ಕೆಲವು ಸಾಫ್ಟ್‌ವೇರ್‌ಗೆ ಅದು ಐದು ಮತ್ತು ಸೊನ್ನೆ, ಎರಡು ಉತ್ತರ. ಸುಮ್ನೆ 5000 ಸಾಕು.

ಲಾಗ್, ಡಿಗ್ರಿ, ರೌಂಡ್ ಆಫ್

ಆನ್‌ಲೈನ್ ಕ್ಯಾಲ್ಕುಲೇಟರ್ ಡೆಸ್ಮೋಸ್‌ನಲ್ಲಿ ಬರೀ ಲಾಗ್ ಅಂದರೆ ಬೇಸ್ 10. ಕೈಯಲ್ಲಿರುವ ಕ್ಯಾಲ್ಕುಲೇಟರ್‌ನಲ್ಲೂ ಹಾಗೇ. ಪೈಥಾನ್, ಮ್ಯಾಕ್ಸಿಮಾಗಳಲ್ಲಿ ಲಾಗ್ ಅಂದರೆ ಬೇಸ್ ಇ. ಯಾವುದು ಅಂತ ಯಾರನ್ನೂ ಕೇಳಬೇಕಾಗಿಲ್ಲ, ಲಾಗ್(10) ಹಾಕಿ ನೋಡಿ. 1 ಬಂದರೆ ಬೇಸ್ 10, 2.3026 ಬಂದರೆ ಬೇಸ್ ಇ. ಡಿಗ್ರಿಯೂ ಹಾಗೆಯೇ: ಸೈನ್(30) ಹಾಕಿದಾಗ 0.5 ಬಂದರೆ ಡಿಗ್ರಿ, -0.988 ಬಂದರೆ ಅದು ರೇಡಿಯನ್‌ನಲ್ಲಿ ಕೂತಿದೆ. ಕ್ಯಾಲ್ಕುಲಸ್ ಲೆಕ್ಕಕ್ಕೆ ರೇಡಿಯನ್ನೇ ಬೇಕು.

ರೌಂಡ್ ಆಫ್ ಮಾತ್ರ ಎಲ್ಲರನ್ನೂ ಒಂದಲ್ಲ ಒಂದು ದಿನ ಹೊಡೆಯುತ್ತದೆ. 3500ರಲ್ಲಿ ಏಳನೇ ಒಂದು ಭಾಗ ಎಷ್ಟು? 500. ಆದರೆ 1/7 ಅನ್ನು ಮೊದಲೇ 0.14 ಮಾಡಿಕೊಂಡು ಗುಣಿಸಿದರೆ 490, ಹತ್ತು ಮಾಯ. 0.143 ಮಾಡಿಕೊಂಡರೆ 500.5. ವೆಬ್‌ವರ್ಕ್ ಬೇರೇನೂ ಹೇಳದಿದ್ದರೆ ಸಾವಿರಕ್ಕೆ ಒಂದು ಭಾಗದಷ್ಟು ವ್ಯತ್ಯಾಸ ಬಿಡುತ್ತದೆ, 500ಕ್ಕೆ ಅದು ಬರೀ ಅರ್ಧ, ಅಂದರೆ ನೀವು ಸರಿಯಾಗಿ ಗೆರೆಯ ಮೇಲೆ ನಿಂತಿದ್ದೀರಿ. ನಡುವೆ ಎಲ್ಲೂ ರೌಂಡ್ ಮಾಡಬೇಡಿ, ಕೊನೆಗೆ ಒಂದೇ ಸಲ ಮಾಡಿ. ಸಾಧ್ಯ ಇದ್ದರೆ ಡೆಸಿಮಲ್ಲೇ ಬೇಡ, ಭಾಗಾಕಾರವನ್ನು ಹಾಗೇ ಟೈಪ್ ಮಾಡಿ, ಅದೇ ಲೆಕ್ಕ ಹಾಕಿಕೊಳ್ಳಲಿ.

ಕನ್ನಡ ಮೀಡಿಯಂನಿಂದ ಬಂದವರಿಗೆ ಇಲ್ಲೇ ಇನ್ನೊಂದು ಮಾತು, ಯಾಕಂದರೆ ನಾನೂ ಅದೇ ದಾರಿಯಲ್ಲಿ ಬಂದವನು. ಪ್ರಶ್ನೆಯ ಇಂಗ್ಲಿಷಿನಲ್ಲೇ ಅಂಕ ಹೋಗುತ್ತದೆ. 'ಅಟ್ ಲೀಸ್ಟ್ 3' ಅಂದರೆ 3 ಅಥವಾ ಅದಕ್ಕಿಂತ ಜಾಸ್ತಿ, 'ಅಟ್ ಮೋಸ್ಟ್ 3' ಅಂದರೆ 3 ಅಥವಾ ಕಡಿಮೆ. ಪ್ರಾಬಬಿಲಿಟಿ ಲೆಕ್ಕದಲ್ಲಿ ಇದು ಅದಲು ಬದಲಾದರೆ ಉಳಿದದ್ದೆಲ್ಲ ಸರಿ ಇದ್ದೂ ವ್ಯರ್ಥ. 'ಎಕ್ಸಾಕ್ಟ್ ವ್ಯಾಲ್ಯೂ' ಅಂದರೆ ಡೆಸಿಮಲ್ ಬೇಡ, ರೂಟ್ 2 ಇದ್ದರೆ ರೂಟ್ 2 ಆಗಿಯೇ ಬಿಡಿ. ಮೂರು 'ಡೆಸಿಮಲ್ ಪ್ಲೇಸ್' ಬೇರೆ, ಮೂರು 'ಸಿಗ್ನಿಫಿಕೆಂಟ್ ಫಿಗರ್' ಬೇರೆ: 0.04567 ಇದ್ದರೆ ಮೊದಲನೆಯದಕ್ಕೆ 0.046, ಎರಡನೆಯದಕ್ಕೆ 0.0457. ನಾನು ಇಂಥ ಹತ್ತು ಹನ್ನೆರಡು ಪದಗಳನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ನಾಚಿಕೆ ಪಡುವಂಥದ್ದೇನೂ ಅಲ್ಲ ಅದು.

ನಿಮ್ಮ ಉತ್ತರವನ್ನು ನೀವೇ ಪರೀಕ್ಷೆ ಮಾಡಿ

ಯಂತ್ರ ಮಾಡುವುದನ್ನೇ ನೀವು ಅದಕ್ಕಿಂತ ಮೊದಲು ಮಾಡಿ. ಎಕ್ಸ್ ಜಾಗಕ್ಕೆ ಒಂದು ಸಂಖ್ಯೆ ಹಾಕಿ, ಹಾಳೆ ಮೇಲಿನ ಉತ್ತರಕ್ಕೂ ಟೈಪ್ ಮಾಡಿದ ಸಾಲಿಗೂ ಒಂದೇ ಬೆಲೆ ಬರುತ್ತದಾ ನೋಡಿ. ಟೈಪ್ ಮಾಡಿದ್ದನ್ನು ಕಾಪಿ ಮಾಡಿ ಬೇರೆ ಯಾವುದಾದರೂ ಕ್ಯಾಲ್ಕುಲೇಟರ್ ಆ್ಯಪ್‌ಗೆ ಹಾಕಿದರಾಯಿತು.

ಆದರೆ ಯಾವ ಸಂಖ್ಯೆ ಹಾಕುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ನಮ್ಮ ಆ ಲೆಕ್ಕ ಇದು: ಎಕ್ಸ್ ಗುಣಿಸು ಇ ಪವರ್ 2ಎಕ್ಸ್, ಇದನ್ನು ಇಂಟಿಗ್ರೇಟ್ ಮಾಡಬೇಕು. ಬೈ ಪಾರ್ಟ್ಸ್ ಮಾಡಿದರೆ ಉತ್ತರ ಇ^(2*ಎಕ್ಸ್)*(2*ಎಕ್ಸ್-1)/4, ಜೊತೆಗೆ ಒಂದು ಕಾನ್‌ಸ್ಟಂಟ್. ನಾವು ಬ್ರಾಕೆಟ್ ಇಲ್ಲದೆ ಇ^2ಎಕ್ಸ್ ಅಂತ ಹೊಡೆದಿದ್ದೆವು. ವಾಟ್ಸಾಪ್‌ನಲ್ಲಿ ಹಾಕಿದ ಗೆಳೆಯ ಸುಮ್ಮನೆ ಹಾಕಿರಲಿಲ್ಲ, ಪರೀಕ್ಷೆ ಮಾಡಿಯೇ ಹಾಕಿದ್ದ. ಎಕ್ಸ್ ಜಾಗಕ್ಕೆ 1 ಇಟ್ಟು ನೋಡಿದ್ದ. ಹಾಳೆಯದ್ದು 1.847, ಟೈಪ್ ಮಾಡಿದ್ದೂ 1.847. ಇನ್ನೇನು ಬೇಕು ಸಾಕ್ಷಿ! ಆದರೆ ಎಕ್ಸ್ 1 ಆದಾಗ ಎಕ್ಸ್ ಮೇಲೆ ಪವರ್‌ನಲ್ಲಿ ಇದ್ದರೂ ಒಂದೇ, ಕೆಳಗೆ ಗುಣಾಕಾರದಲ್ಲಿ ಇದ್ದರೂ ಒಂದೇ. 2 ಇಟ್ಟಿದ್ದರೆ ಹಾಳೆಯದ್ದು 40.95, ಟೈಪ್ ಮಾಡಿದ್ದು 11.08, ಅಲ್ಲೇ ಬಣ್ಣ ಬಯಲಾಗುತ್ತಿತ್ತು. ಆವತ್ತಿನಿಂದ 0 ಮತ್ತು 1 ಅನ್ನು ನಾನು ಪರೀಕ್ಷೆಗೆ ನಂಬೋದಿಲ್ಲ. 0.7, 2.3, ಹೀಗೆ ಯಾರಿಗೂ ಸಂಬಂಧ ಇಲ್ಲದ ಸಂಖ್ಯೆ ಹಾಕಿ, ಒಂದಲ್ಲ, ಎರಡು.

ಇಂಟಿಗ್ರೇಷನ್ ಆದರೆ ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿದರೆ ಪ್ರಶ್ನೆ ವಾಪಸ್ ಬರಬೇಕು. ಈಕ್ವೇಷನ್ ಆದರೆ ಬೆಲೆಯನ್ನು ಅದರಲ್ಲೇ ಹಾಕಿ. ಇಷ್ಟಕ್ಕೆ ಎರಡು ನಿಮಿಷ ಸಾಕು. ಒಂದೇ ಪ್ರಶ್ನೆಗೆ ಮತ್ತೆ ಮತ್ತೆ ಪ್ರಯತ್ನಿಸಲು ಬಿಡುವ ಮೂಡಲ್‌ನ ಅಡಾಪ್ಟಿವ್ ಮೋಡ್‌ನಲ್ಲಿ ಪ್ರತಿ ತಪ್ಪು ಪ್ರಯತ್ನಕ್ಕೂ ಅಂಕ ಕಡಿಯುವ ವ್ಯವಸ್ಥೆ ಇದೆ. ಆದ್ದರಿಂದ 'ಒತ್ತಿ ನೋಡೋಣ, ಬಂದರೆ ಬಂತು' ಅನ್ನುವ ಆಟ ಬೇಡ.

ಪೆನ್ನು ಬಿಡಬೇಡಿ

ಸಾಫ್ಟ್‌ವೇರ್‌ನಲ್ಲಿ 'ಇದೇ ತರಹದ ಇನ್ನೊಂದು ಲೆಕ್ಕ ತೋರಿಸು' ಅನ್ನುವ ಬಟನ್ ಇದ್ದರೆ ಅದು ದೊಡ್ಡ ಉಪಕಾರವೂ ಹೌದು, ದೊಡ್ಡ ಬಲೆಯೂ ಹೌದು. ಅದನ್ನು ತೆರೆದಿಟ್ಟುಕೊಂಡು ಸಂಖ್ಯೆ ಮಾತ್ರ ಬದಲಿಸಿದರೆ ಹಸಿರು ಬರುತ್ತದೆ, ತಲೆಗೆ ಏನೂ ಹೋಗಿರುವುದಿಲ್ಲ. ತೋರಿಸಿದ ಲೆಕ್ಕವನ್ನು ಓದಿ, ಮುಚ್ಚಿ, ಆಮೇಲೆ ನಿಮ್ಮದನ್ನು ಹಾಳೆಯಲ್ಲಿ ಮಾಡಿ. ವಿಟಿಯುದಲ್ಲಿ ಒಳಗಿನ 50 ಅಂಕಕ್ಕೆ ಕ್ವಿಜ್ಜು ಅಸೈನ್‌ಮೆಂಟು ಸೇರಬಹುದು, ಹೊರಗಿನ 50ಕ್ಕೆ ಮೂರು ತಾಸು ಕೂತು ಪೆನ್ನಿನಲ್ಲೇ ಬರೆಯಬೇಕು, ಅಲ್ಲಿ ಸ್ಟೆಪ್‌ಗೆ ಅಂಕ. ಫೋಟೊ ಹೊಡೆದರೆ ಉತ್ತರ ಕೊಡುವ ಆ್ಯಪ್‌ಗಳ ವಿಷಯದಲ್ಲೂ ನನ್ನದು ಇದೇ ಅಭಿಪ್ರಾಯ, ಮಾಡಿದ ಮೇಲೆ ತಾಳೆ ನೋಡೋಕೆ ಇರಲಿ, ಮಾಡೋಕೆ ಬೇಡ.

ಇಂಥ ಸಾಫ್ಟ್‌ವೇರ್‌ನಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆಯಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಸಂಖ್ಯೆ ಬರುವುದರಿಂದ ಗೆಳೆಯನ ಉತ್ತರ ಕಾಪಿ ಹೊಡೆಯೋಕೆ ಆಗಲ್ಲ. ಆದರೆ ಒಟ್ಟಿಗೆ ಕೂತು ಮಾಡೋಕೆ ಅದಕ್ಕಿಂತ ಒಳ್ಳೆಯದು ಇಲ್ಲ.

ಟೈಮು, ಕರೆಂಟು, ನೆಟ್‌ವರ್ಕು

ಹನ್ನೆರಡಕ್ಕೆ ಕ್ಲೋಸ್ ಅಂದರೆ ಯಾವ ಊರಿನ ಹನ್ನೆರಡು? ಹೊರದೇಶದ ಕೋರ್ಸಿನಲ್ಲಿ ನ್ಯೂಯಾರ್ಕ್ ಸಮಯದ ರಾತ್ರಿ 11:59 ಅಂತಿದ್ದರೆ ನಮಗೆ ಅದು ಮರುದಿನ ಬೆಳಿಗ್ಗೆ, ಅಲ್ಲಿನ ಬೇಸಿಗೆಯಲ್ಲಿ 9:29, ಚಳಿಗಾಲದಲ್ಲಿ 10:29. ಕಾಲೇಜಿನ ಮೂಡಲ್‌ನಲ್ಲಿ ನಿಮ್ಮ ಪ್ರೊಫೈಲಿನ ಟೈಮ್ ಝೋನ್ ಕೋಲ್ಕತ್ತಾ ಅಂತ ಇದೆಯಾ ಒಮ್ಮೆ ನೋಡಿ. ಕೊನೆಯ ಗಂಟೆಯಲ್ಲಿ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಬೆಳಗಾವಿಯ ಮಳೆಗಾಲ ಆದರೆ ಕರೆಂಟ್ ಹೋಗೋದಕ್ಕೂ ಅದೇ ಹೊತ್ತು ಬೇಕು. ಹತ್ತು ಗಂಟೆಯನ್ನೇ ನಿಮ್ಮ ಹನ್ನೆರಡು ಮಾಡಿಕೊಳ್ಳಿ. ಟೈಮರ್ ಇರುವ ಕ್ವಿಜ್ ಶುರು ಮಾಡುವ ಮೊದಲು ಮೊಬೈಲ್ ಚಾರ್ಜ್ ಮಾಡಿ, ಹಾಟ್‌ಸ್ಪಾಟ್ ಒಮ್ಮೆ ಹಚ್ಚಿ ನೋಡಿ. ಪೇಜ್ ಸಿಕ್ಕಿಕೊಂಡರೆ ರಿಫ್ರೆಶ್ ಮಾಡುವ ಮೊದಲೇ ಸ್ಕ್ರೀನ್‌ಶಾಟ್ ತೆಗೆಯಿರಿ.

ಎನ್‌ಪಿಟೆಲ್ (ಐಐಟಿಗಳು ನಡೆಸುವ ಆನ್‌ಲೈನ್ ತರಗತಿ) ಕೋರ್ಸು ಮಾಡುವವರು ಒಂದು ವಾರ ತಪ್ಪಿದರೆ ಎದೆ ಒಡೆದುಕೊಳ್ಳಬೇಡಿ. ಹನ್ನೆರಡು ವಾರದ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್ ಮಾತ್ರ ಹಿಡಿಯುತ್ತಾರೆ, ಅದಕ್ಕೆ 25, ಉಳಿದ 75 ಪರೀಕ್ಷೆಗೆ.

ನಿಜವಾಗಿಯೂ ಅದರದ್ದೇ ತಪ್ಪಾದರೆ

ಆಗುತ್ತದೆ. ಪ್ರಶ್ನೆಗೆ ಉತ್ತರ ಕೊಟ್ಟವರೂ ಮನುಷ್ಯರೇ. ಆದರೆ ಚಿತ್ರ ನೋಡಿ, ಎರಡು ಸಂಖ್ಯೆ ಹಾಕಿ ಪರೀಕ್ಷೆ ಮಾಡಿ, ಇಂಗ್ಲಿಷ್ ಮತ್ತೆ ಓದಿ, ಇಷ್ಟೆಲ್ಲ ಆದ ಮೇಲೇ ಆ ಮಾತು ಆಡಿ. 'ಸರ್ ಸಾಫ್ಟ್‌ವೇರ್ ಸರಿ ಇಲ್ಲ' ಅಂದರೆ ಯಾವ ಸರ್ ಕೂಡ ಏನೂ ಮಾಡಲಾರರು. ನಾವು ಎರಡನೇ ಸೆಮಿಸ್ಟರ್‌ನಲ್ಲಿ ಹೀಗೆ ಬರೆದಿದ್ದೆವು:

"ಸರ್, ಮೂರನೇ ಕ್ವಿಜ್, ಪ್ರಶ್ನೆ 7. ನಮಗೆ ಬಂದ ಸಂಖ್ಯೆಗಳು ಸ್ಕ್ರೀನ್‌ಶಾಟ್‌ನಲ್ಲಿವೆ. ನಾವು ಟೈಪ್ ಮಾಡಿದ್ದು ಮತ್ತು ಪ್ರಿವ್ಯೂನಲ್ಲಿ ಕಂಡದ್ದು ಎರಡೂ ಇವೆ. ಹಾಳೆಯ ಮೇಲೆ ಮಾಡಿದ್ದರ ಫೋಟೊ ಹಾಕಿದ್ದೇವೆ. ನಮ್ಮ ಉತ್ತರಕ್ಕೂ ಸರಿ ಅಂತ ತೋರಿಸಿದ ಉತ್ತರಕ್ಕೂ 2.3026 ಪಟ್ಟು ವ್ಯತ್ಯಾಸ ಬರುತ್ತಿದೆ. ಪ್ರಶ್ನೆಯಲ್ಲಿ ಲಾಗ್ ಬೇಸ್ ಇ ಅಂತಿದೆ, ಉತ್ತರ ಬೇಸ್ 10ರಲ್ಲಿ ಇರಬಹುದಾ ದಯವಿಟ್ಟು ನೋಡುತ್ತೀರಾ ಸರ್?"

ಗ್ರೂಪಿನಲ್ಲಿ ಅಲ್ಲ, ಸರ್‌ಗೆ ಮಾತ್ರ ಕಳಿಸಿದೆವು. ಬರೆದವನು ಯಾರು ಅಂದರೆ ವಾಟ್ಸಾಪ್‌ನಲ್ಲಿ ಹಾಕಿ ಬೈಸಿಕೊಂಡಿದ್ದ ಅದೇ ಗೆಳೆಯ. ಮಧ್ಯಾಹ್ನದೊಳಗೆ ಸರ್ ಉತ್ತರ ತಿದ್ದಿಸಿ ಇಡೀ ಕ್ಲಾಸಿಗೆ ಆ ಎರಡು ಅಂಕ ಹಾಕಿಸಿದರು, "ಬರೋಬರಿ ಹಿಡದೀರಿ" ಅಂತ ಒಂದು ಸಾಲು ಬರೆದರು. ಹಾಗಾದರೆ ನವನಗರದ ಆ ಇಂಟಿಗ್ರೇಷನ್ ಲೆಕ್ಕದ ಅಂಕವನ್ನೂ ಕೇಳೋಣ ಅಂತ ಅವನು ಹೊರಟಿದ್ದ, ನಾವು ಮೂವರು ಹಿಡಿದು ಕೂರಿಸಿದೆವು.